ತನ್ನದನ್ನೇ ಹುಡುಕದೆ ಓದುವುದು

ಪ್ರಶ್ನೆ: ಬೇರೆ ಬೇರೆ ದೇಶ, ಭಾಷೆಗಳಿಂದ ಬಂದ ಎಂಟು ಮಂದಿ ವಾರಕ್ಕೊಮ್ಮೆ ಕೂತು ಸತ್ಯವೇದ (ಬೈಬಲ್) ಓದುತ್ತೇವೆ. ಒಂದೇ ಸಾಮ್ಯವನ್ನು, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆಯನ್ನು, ಓದಿದರೂ ಒಬ್ಬೊಬ್ಬರಿಗೆ ಒಂದೊಂದು ಕಾಣುತ್ತದೆ. ಯಾರ ಅರ್ಥ ಸರಿ ಎಂಬ ಮಾತು ಕೆಲವೊಮ್ಮೆ ಜಗಳದವರೆಗೂ ಹೋಗುತ್ತದೆ. ಇನ್ನೊಂದು ಸಂಗತಿ: ಕ್ರೈಸ್ತ ಪ್ರೀತಿ ಎಂದರೆ 'ಅಗಾಪೆ', ಅದು ಏನನ್ನೂ ಬಯಸದ ಪ್ರೀತಿ ಎಂದು ಪ್ರಸಂಗಗಳಲ್ಲಿ ಕೇಳಿದ್ದೇನೆ. ನಾನಾದರೋ ಸಹಾಯ ಮಾಡಿದಾಗಲೆಲ್ಲ ಒಳಗೊಳಗೇ ಒಂದು ಥ್ಯಾಂಕ್ಸ್‌ಗೆ ಕಾಯುತ್ತಿರುತ್ತೇನೆ. ಸಿಗದಿದ್ದರೆ ಬೇಸರ, ಈಚೀಚೆಗೆ ಆಯಾಸವೂ. ಇಂಥ ಪ್ರೀತಿಯನ್ನು ಕಲಿಯಲು ಆಗುತ್ತದೆಯೇ, ಇಲ್ಲ ಅದು ಕೆಲವರಿಗಷ್ಟೇ ಸಿಗುವ ವರವೇ?

ಉತ್ತರ: ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಗಂಟು ಮಾತ್ರ ಒಂದೇ. ಕೊರಿಂಥ ಪಟ್ಟಣದ ಸಭೆಗೆ ಬರೆದ ಮೊದಲ ಪತ್ರದಲ್ಲಿ (1 ಕೊರಿಂಥ 13:5) ಅಪೊಸ್ತಲ ಪೌಲ, ಪ್ರೀತಿ ತನ್ನದನ್ನು ಹುಡುಕುವುದಿಲ್ಲ ಎನ್ನುತ್ತಾನೆ. ನಾವು ಇದನ್ನು ಹಣ, ಸಮಯ, ಸಹಾಯಕ್ಕೆ ಅನ್ವಯಿಸುತ್ತೇವೆ, ಓದುವುದಕ್ಕೆ ಅನ್ವಯಿಸುವುದಿಲ್ಲ. ಆದರೆ ಗ್ರಂಥ ತೆರೆದು ಅದರಲ್ಲಿ ತನಗೆ ಮೊದಲೇ ಗೊತ್ತಿದ್ದುದನ್ನೇ, ತನಗೆ ಒಗ್ಗುವುದನ್ನೇ ಹುಡುಕುವವನೂ ತನ್ನದನ್ನೇ ಹುಡುಕುತ್ತಿರುತ್ತಾನೆ. ನಿಮ್ಮ ಗುಂಪಿನ ಜಗಳವನ್ನು ಸರಿಯಾಗಿ ನಡೆಸಿಕೊಂಡರೆ ಎರಡನೆಯ ಪ್ರಶ್ನೆಯ ಅರ್ಧ ಪಾಠ ಅಲ್ಲೇ ಆಗಿಹೋಗುತ್ತದೆ.

ಮೊದಲು ಅರ್ಥದ ವಿಷಯ. ಹೊಸ ಒಡಂಬಡಿಕೆಯ ವಿದ್ವಾಂಸ ಮಾರ್ಕ್ ಅಲನ್ ಪೊವೆಲ್ ಒಂದು ಸರಳ ಪರೀಕ್ಷೆ ಮಾಡಿದರು. ಲೂಕ 15ರ ದುಂದುಗಾರ ಮಗನ ಕಥೆಯನ್ನು ಓದಿ, ಪುಸ್ತಕ ಮುಚ್ಚಿ, ನೆನಪಿನಿಂದ ಹೇಳಬೇಕು, ಅಷ್ಟೇ. ಅಮೆರಿಕದ 100 ಜನರಲ್ಲಿ ನೂರಕ್ಕೆ ನೂರೂ ಮಂದಿ ಮಗ ಆಸ್ತಿ ಹಾಳುಮಾಡಿದ್ದನ್ನು ಹೇಳಿದರು. ಬರ ಬಂದದ್ದನ್ನು ಹೇಳಿದವರು ಆರೇ ಜನ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 50 ಜನರನ್ನು ಕೇಳಿದಾಗ 42 ಮಂದಿ ಬರವನ್ನು ನೆನಪಿಟ್ಟುಕೊಂಡಿದ್ದರು. ಅದು 1941ರಿಂದ 1944ರವರೆಗಿನ ಮುತ್ತಿಗೆಯಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತ ಊರು. ಟಾಂಜಾನಿಯದಲ್ಲಿ ಮಗನಿಗೆ ಹಸಿವಿನಿಂದ ನರಳುವ ಗತಿ ಏಕೆ ಬಂತು ಎಂದು ಕೇಳಿದರೆ ಹೆಚ್ಚಿನವರು ಕೊಟ್ಟ ಉತ್ತರ ಮೂರನೆಯದು: ಯಾರೂ ಅವನಿಗೆ ಏನೂ ಕೊಡಲಿಲ್ಲ.

ಈಗ ಪಠ್ಯವನ್ನು ನೋಡಿ. 13ನೆಯ ವಚನದಲ್ಲಿ ದುಂದು ಇದೆ, 14ರಲ್ಲಿ ಬರ ಇದೆ, 16ರಲ್ಲಿ 'ಯಾರೂ ಕೊಡಲಿಲ್ಲ' ಇದೆ. ಮೂರೂ ಕಡೆಯವರು ಇದ್ದುದನ್ನೇ ಹೇಳಿದರು, ಮೂರೂ ಕಡೆಯವರು ಇದ್ದುದನ್ನು ಬಿಟ್ಟರು. ಆದ್ದರಿಂದ ಗುಂಪಿನಲ್ಲಿ ಮೊದಲು ಕೇಳಬೇಕಾದದ್ದು 'ಯಾರದು ಸರಿ' ಎಂದಲ್ಲ, 'ಯಾರು ಏನನ್ನು ಬಿಟ್ಟೆವು' ಎಂದು. ಮೊದಲನೆಯದಕ್ಕೆ ಎಲ್ಲರೂ ತಮ್ಮ ಪರ ವಾದ ಹೂಡುತ್ತಾರೆ. ಎರಡನೆಯದಕ್ಕೆ ತನಗೆ ಕಾಣದ್ದನ್ನು ಕಂಡವರ ಕಡೆ ತಿರುಗಲೇಬೇಕು.

ಇದನ್ನು ಮಾಡುವ ಕ್ರಮ ಹೀಗೆ. ಓದುವ ಭಾಗ ಸಾಮಾನ್ಯವಾಗಿ 10ರಿಂದ 20 ವಚನಗಳಷ್ಟಿರಲಿ. ಪ್ರತಿಯೊಬ್ಬರೂ ಮೊದಲು ತಮ್ಮ ತಾಯ್ನುಡಿಯಲ್ಲಿ ಮೌನವಾಗಿ ಓದಿಕೊಳ್ಳಲಿ. ಇಡೀ ಸತ್ಯವೇದ ಈಗ 700ಕ್ಕೂ ಹೆಚ್ಚು ಭಾಷೆಗಳಲ್ಲಿದೆ, ಹಾಗಾಗಿ ಇದು ಬಹುಮಟ್ಟಿಗೆ ಸಾಧ್ಯ. ಆಮೇಲೆ ಎಲ್ಲರಿಗೂ ಬರುವ ಭಾಷೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿ, ಪುಸ್ತಕ ಮುಚ್ಚಿ. ಇಬ್ಬಿಬ್ಬರಾಗಿ ಕೂತು ಮೂರು ನಿಮಿಷದಲ್ಲಿ ಕಥೆಯನ್ನು ಒಬ್ಬರು ಇನ್ನೊಬ್ಬರಿಗೆ ಹೇಳಬೇಕು, ಕೇಳುವವರು ನಡುವೆ ಬಾಯಿ ಹಾಕಬಾರದು. ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಮತ್ತು ಇಲ್ಲದ್ದನ್ನು ಸೇರಿಸಿದ್ದನ್ನು ಗುರುತು ಹಾಕಿಕೊಳ್ಳಿ. ಇಷ್ಟಾದ ಮೇಲೆಯೇ ಅರ್ಥದ ಮಾತು.

ಇದು ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ನಡೆಸುವವರು ಮೊದಲು ಮಾತಾಡಿಬಿಟ್ಟರೆ ಉಳಿದವರ ನೆನಪು ಅದಕ್ಕೆ ಹೊಂದಿಕೊಂಡುಬಿಡುತ್ತದೆ, ಹಾಗಾಗಿ ನಡೆಸುವವರು ಕೊನೆಗೆ ಮಾತಾಡಬೇಕು. ಎರಡನೆಯದು ಇದಕ್ಕಿಂತ ಸೂಕ್ಷ್ಮ: ಸಾಮಾನ್ಯ ಭಾಷೆಯಲ್ಲಿ ನಿರರ್ಗಳವಾಗಿ ಮಾತಾಡಬಲ್ಲವರ ಅರ್ಥವೇ ಗುಂಪಿನ ಅರ್ಥವಾಗಿಬಿಡುತ್ತದೆ. ತಡವರಿಸುವವರು ಸುಮ್ಮನಿದ್ದರೆ ಒಪ್ಪಿದ್ದಾರೆಂದು ತಿಳಿಯಬೇಡಿ. ಮೊದಲ ಸರದಿ ಅವರಿಗೇ ಕೊಡಿ.

ಹಾಗಾದರೆ ಯಾರು ಏನು ಹೇಳಿದರೂ ಸರಿಯೇ? ಅಲ್ಲ. ವಾಕ್ಯದ ಹಿಂದುಮುಂದು, ಅದೇ ಪುಸ್ತಕದ ಉಳಿದ ಭಾಗ, ಮೊದಲು ಅದನ್ನು ಕೇಳಿದವರಿಗೆ ಗೊತ್ತಿದ್ದ ಲೋಕ, ಈ ಮೂರೂ ಅರ್ಥಕ್ಕೆ ಗಡಿ ಹಾಕುತ್ತವೆ. ಲೂಕ 10ರ ಒಳ್ಳೆಯ ಸಮಾರ್ಯದವನ ಸಾಮ್ಯವನ್ನೇ ತೆಗೆದುಕೊಳ್ಳಿ. ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟುಹೋದವನನ್ನು ದೇವಾಲಯದ ಯಾಜಕನೂ ಅಲ್ಲಿನ ಸಹಾಯಕ ವರ್ಗದ ಲೇವಿಯನೂ ಕಂಡು ದಾಟಿಹೋಗುತ್ತಾರೆ, ಸಮಾರ್ಯದವನೊಬ್ಬ ನಿಂತು ಕಾಪಾಡುತ್ತಾನೆ. ಇವತ್ತು 'ಸಮಾರ್ಯದವನು' ಎಂದರೆ ಪರೋಪಕಾರಿ ಎಂದೇ ಅರ್ಥ. ಮೊದಲ ಕೇಳುಗರಾದ ಯೆಹೂದ್ಯರಿಗೆ ಅದು ಬೈಗುಳದ ಹತ್ತಿರದ ಮಾತು. ಗೆರಿಜ್ಜೀಮ್ ಬೆಟ್ಟದ ಮೇಲಿದ್ದ ಸಮಾರ್ಯರ ದೇವಾಲಯವನ್ನು ಯೆಹೂದ್ಯ ಅರಸ ಯೋಹಾನ ಹಿರ್ಕಾನಸ್ ಕ್ರಿ.ಪೂ. 2ನೆಯ ಶತಮಾನದ ಕೊನೆಯ ಭಾಗದಲ್ಲಿ ಕೆಡವಿಸಿದ್ದ. ಹಗೆ ಎರಡೂ ಕಡೆ ಇತ್ತು. ಅಷ್ಟು ದೂರವೂ ಹೋಗಬೇಕಿಲ್ಲ, ಒಂದು ಅಧ್ಯಾಯ ಹಿಂದಕ್ಕೆ ಹೋದರೆ ಸಾಕು. ಲೂಕ 9:52-54ರಲ್ಲಿ ಸಮಾರ್ಯದ ಒಂದು ಹಳ್ಳಿ ಯೇಸುವನ್ನು ಸೇರಿಸಿಕೊಳ್ಳುವುದಿಲ್ಲ, ಆಗ ಶಿಷ್ಯರಾದ ಯಾಕೋಬ ಯೋಹಾನರು ಆಕಾಶದಿಂದ ಬೆಂಕಿ ಬಿದ್ದು ಅವರು ನಾಶವಾಗಲಿ ಎಂದು ಹೇಳೋಣವೇ ಎಂದು ಕೇಳುತ್ತಾರೆ. ಆ ಬೆಂಕಿಯ ಬಿಸಿ ಆರುವ ಮೊದಲೇ ಈ ಸಾಮ್ಯ ಬರುತ್ತದೆ.

ಯಾಜಕ ಬಂದ, ಲೇವಿಯ ಬಂದ ಎಂದಾಗ ಮೂರನೆಯವನು ಒಬ್ಬ ಸಾಮಾನ್ಯ ಇಸ್ರಾಯೇಲ್ಯ ಎಂದೇ ಆ ಕಾಲದ ಕಿವಿ ಕಾಯುತ್ತಿತ್ತು. ಬಂದದ್ದು ಸಮಾರ್ಯದವನು. ಕಥೆಯ ಕೊನೆಯಲ್ಲಿ, ಯೇಸುವನ್ನು ಪ್ರಶ್ನಿಸಿದ್ದ ಧರ್ಮೋಪದೇಶಕನ ಬಾಯಿಂದ ಆ ಹೆಸರು ಹೊರಡುವುದಿಲ್ಲ. 'ದಯೆ ತೋರಿಸಿದವನು' ಎಂದಷ್ಟೇ ಹೇಳುತ್ತಾನೆ. ಅವನು ಕೇಳಿದ್ದು 'ನನ್ನ ನೆರೆಯವನು ಯಾರು' ಎಂದು, ಅಂದರೆ ಗೆರೆ ಎಲ್ಲಿ ಎಳೆಯಲಿ ಎಂದು. ಯೇಸು ತಿರುಗಿಸಿ ಕೇಳಿದ್ದು 'ಯಾರು ನೆರೆಯವನಾದನು' ಎಂದು.

ಇಲ್ಲಿ ಬಹುತೇಕ ಗುಂಪುಗಳು ಒಂದು ಸಂಗತಿಯನ್ನು ದಾಟಿಹೋಗುತ್ತವೆ. ನಾವು ಓದುವಾಗ ನಮ್ಮನ್ನು ಸಮಾರ್ಯದವನ ಜಾಗದಲ್ಲಿ ಇಟ್ಟುಕೊಳ್ಳುತ್ತೇವೆ. ಮೊದಲ ಕೇಳುಗನಿಗೆ ಆ ಜಾಗ ಸಿಗುತ್ತಿರಲಿಲ್ಲ. ಯಾಜಕ, ಲೇವಿಯರ ಮೇಲೆ ಬೇಸರ ಬಂದ ಮೇಲೆ ಅವನಿಗೆ ನಿಲ್ಲಲು ಉಳಿದದ್ದು ದಾರಿಯಲ್ಲಿ ಬಿದ್ದವನ ಜಾಗ ಮಾತ್ರ: ಯಾರ ಕೈ ತಾಗಿದರೂ ಬೇಡ ಅನ್ನಿಸುತ್ತದೋ ಅವನ ಕೈಯಿಂದಲೇ ಗಾಯ ಕಟ್ಟಿಸಿಕೊಳ್ಳಬೇಕು. ಸದಾ ಕೊಡುವವರ ಪಾಲಿಗೆ ಈ ಸಾಮ್ಯದ ಕಷ್ಟದ ಭಾಗ ಇದೇ. ನಿಮ್ಮ ಗುಂಪಿನಲ್ಲಿ ಯಾರಾದರೂ 'ನನಗೆ ಬಿದ್ದವನೇ ಕಾಣುತ್ತಾನೆ' ಎಂದಿದ್ದರೆ ಅವರದು ತಪ್ಪಲ್ಲ, ಉಳಿದವರಿಗಿಂತ ಒಂದು ಹೆಜ್ಜೆ ಮುಂದಿದ್ದಾರೆ.

ಹಿನ್ನೆಲೆಯ ಮಾಹಿತಿ ಬೇಕು, ಆದರೆ ಸುಳ್ಳು ಹಿನ್ನೆಲೆಗಳ ಬಗ್ಗೆ ಎಚ್ಚರವೂ ಬೇಕು. ಯಾಜಕ ದೇವಾಲಯದ ಸೇವೆಗೆ ಹೋಗುತ್ತಿದ್ದ, ಹೆಣ ಮುಟ್ಟಿದರೆ ಮೈಲಿಗೆಯಾಗುತ್ತಿತ್ತು, ಆದ್ದರಿಂದ ನಿಲ್ಲಲಿಲ್ಲ ಎಂದು ಧೈರ್ಯವಾಗಿ ಹೇಳುವವರಿದ್ದಾರೆ. ಯಾಜಕಕಾಂಡ 21ರಲ್ಲಿ ಅಂಥ ನಿಯಮ ಇದೆ, ನಿಜ. ಆದರೆ ಲೂಕ 10:31ರ ಪ್ರಕಾರ ಅವನೂ ಇಳಿದು ಬರುತ್ತಿದ್ದ, ಅಂದರೆ ಯೆರೂಸಲೇಮನ್ನು ಬಿಟ್ಟು ಬರುತ್ತಿದ್ದ. ಬಿದ್ದವನು ಇನ್ನೂ ಸತ್ತಿರಲಿಲ್ಲ. ಅನಾಥ ಹೆಣ ಕಂಡರೆ ಮಹಾಯಾಜಕನೂ ಮೈಲಿಗೆ ಲೆಕ್ಕಿಸದೆ ಅದನ್ನು ಹೂಳಬೇಕೆಂದು ಸುಮಾರು ಕ್ರಿ.ಶ. 200ರಲ್ಲಿ ಸಂಕಲನವಾದ ಯೆಹೂದ್ಯ ಧರ್ಮಸಂಹಿತೆ ಮಿಶ್ನಾ ಹೇಳುತ್ತದೆ. ಯಾಜಕ ಏಕೆ ನಿಲ್ಲಲಿಲ್ಲ ಎಂಬುದಕ್ಕೆ ಲೂಕ ಕಾರಣ ಕೊಡುವುದಿಲ್ಲ. ನಾವು ಕಾರಣ ತುಂಬಿದಾಗ ಅದು ಯೆಹೂದ್ಯ ಧರ್ಮದ ಮೇಲೊಂದು ಗೂಬೆ ಕೂರಿಸಿ ಮುಗಿಯುತ್ತದೆ. ನೆರೆಯವನನ್ನು ಪ್ರೀತಿಸು ಎಂಬ ಆಜ್ಞೆ ಯಾಜಕಕಾಂಡ 19:18ರದ್ದೇ. ಪರದೇಶಿಯನ್ನೂ ಹಾಗೆಯೇ ಪ್ರೀತಿಸು ಎಂಬುದು ಅದೇ ಅಧ್ಯಾಯದ 34ರಲ್ಲಿದೆ. ಇದು ನೆನಪಿರಲಿ.

ಇನ್ನೊಂದು ಪ್ರಸಿದ್ಧ ಸುಳ್ಳು ಸೂಜಿಯ ಕಣ್ಣಿನದು. ಐಶ್ವರ್ಯವಂತ ದೇವರ ರಾಜ್ಯ ಸೇರುವುದಕ್ಕಿಂತ ಒಂಟೆ ಸೂಜಿಯ ಕಣ್ಣಿನಲ್ಲಿ ನುಗ್ಗುವುದು ಸುಲಭ ಎಂದು ಯೇಸು ಹೇಳಿದ. ಯೆರೂಸಲೇಮಿನಲ್ಲಿ 'ಸೂಜಿಯ ಕಣ್ಣು' ಎಂಬ ಕಿರುಬಾಗಿಲಿತ್ತು, ಹೊರೆ ಇಳಿಸಿ ಮೊಣಕಾಲೂರಿದರೆ ಒಂಟೆ ನುಗ್ಗಬಹುದಿತ್ತು ಎನ್ನುತ್ತಾರೆ. ಯೇಸುವಿನ ಕಾಲದಲ್ಲಿ ಅಂಥ ಬಾಗಿಲಿತ್ತು ಎಂಬುದಕ್ಕೆ ಪುರಾವೆಯೇ ಇಲ್ಲ, ವಿವರಣೆ ಮಧ್ಯಯುಗದ್ದು. ಯೆಹೂದ್ಯ ಧರ್ಮಚರ್ಚೆಗಳ ಸಂಗ್ರಹವಾದ ಬಾಬಿಲೋನಿನ ತಾಲ್ಮುದಿನಲ್ಲಿ ಸೂಜಿಯ ಕಣ್ಣಿನಲ್ಲಿ ಆನೆ ನುಗ್ಗುವ ಮಾತು ಬರುತ್ತದೆ, ಅಲ್ಲೂ ಅದು ಆಗದ ಕೆಲಸಕ್ಕೆ ಉಪಮೆ. ಇಂಥ ಮಾಹಿತಿ ಕಿವಿಗೆ ಬಿದ್ದಾಗ ಎರಡು ಪ್ರಶ್ನೆ ಕೇಳಿ: ಇದನ್ನು ಮೊದಲು ಹೇಳಿದ್ದು ಯಾರು, ಯಾವ ಕಾಲದಲ್ಲಿ? ಇದರಿಂದ ವಾಕ್ಯ ನನಗೆ ಕಠಿಣವಾಯಿತೋ, ಹಗುರವಾಯಿತೋ? ಹಗುರ ಮಾಡಿಕೊಡುವ ಹಿನ್ನೆಲೆಯನ್ನು ಎರಡು ಸಲ ಪರೀಕ್ಷಿಸಬೇಕು.

'ಅಗಾಪೆ'ಗೂ ಇದೇ ಪರೀಕ್ಷೆ ಬೇಕು. ಅಗಾಪೆ ಎಂದರೆ ದೈವಿಕ, ನಿಸ್ವಾರ್ಥ ಪ್ರೀತಿ, ಫಿಲಿಯ ಎಂದರೆ ಸ್ನೇಹ ಎಂದು ಕೋಷ್ಟಕ ಹಾಕಿ ಕಲಿಸುವುದು ರೂಢಿ. ಪದಗಳು ಅಷ್ಟು ಶಿಸ್ತಿನವಲ್ಲ. ಹಳೆಯ ಒಡಂಬಡಿಕೆಯ ಪ್ರಾಚೀನ ಗ್ರೀಕ್ ಅನುವಾದವಾದ ಸೆಪ್ಟುಅಜಿಂಟ್‌ನಲ್ಲಿ ದಾವೀದನ ಮಗ ಅಮ್ನೋನನಿಗೆ ಮಲತಂಗಿ ತಾಮಾರಳ ಮೇಲಿದ್ದ ಹಾಳು ಮೋಹಕ್ಕೆ ಬಳಕೆಯಾಗಿರುವುದು ಇದೇ ಪದ (2 ಸಮುವೇಲ 13:15). ಜನ ಬೆಳಕಿಗಿಂತ ಕತ್ತಲನ್ನು ಹೆಚ್ಚಾಗಿ ಪ್ರೀತಿಸಿದರು ಎಂಬಲ್ಲಿ (ಯೋಹಾನ 3:19), ಫರಿಸಾಯರಿಗೆ ಸಭಾಮಂದಿರದ ಮುಂದಿನ ಪೀಠಗಳು ಇಷ್ಟ ಎಂಬಲ್ಲಿ (ಲೂಕ 11:43), ಜೊತೆಗಾರ ದೇಮನು ಲೋಕವನ್ನು ಪ್ರೀತಿಸಿ ಪೌಲನನ್ನು ಬಿಟ್ಟುಹೋದ ಎಂಬಲ್ಲಿ (2 ತಿಮೊಥೆ 4:10), ಎಲ್ಲ ಕಡೆ ಅದರದ್ದೇ ಕ್ರಿಯಾರೂಪ. ತಂದೆ ಮಗನನ್ನು ಪ್ರೀತಿಸುತ್ತಾನೆ ಎನ್ನಲು ಯೋಹಾನ 3:35ರಲ್ಲಿ ಅಗಾಪೆಯ ಕ್ರಿಯಾರೂಪ, 5:20ರಲ್ಲಿ ಫಿಲಿಯದ್ದು. ಅಂದರೆ ನಿಸ್ವಾರ್ಥತೆ ಪದದೊಳಗೆ ಕೂತಿಲ್ಲ. ಯಾರು, ಯಾರಿಗೆ, ಏನು ಮಾಡಿದರು ಎಂಬ ವಾಕ್ಯದಲ್ಲಿದೆ. ನಮ್ಮ 'ಪ್ರೀತಿ' ಎಂಬ ಸಾದಾ ಮಾತೇ ಸಾಕು, ಅದರ ಬದಲು ಗ್ರೀಕ್ ಪದ ಹೇಳಿದ ಮಾತ್ರಕ್ಕೆ ತೂಕ ಹೆಚ್ಚುವುದಿಲ್ಲ.

ತೊಂದರೆ ಬೇರೆ ಕಡೆ ಇದೆ. ನಮ್ಮ ಮಾತಿನಲ್ಲಿ ಪ್ರೀತಿ ಎಂದರೆ ಹುಟ್ಟುವಂಥದ್ದು, ಉಕ್ಕುವಂಥದ್ದು, ಮೊದಲಿಗೆ ಒಂದು ಭಾವ. ಹಾಗಾಗಿ 'ಶತ್ರುವನ್ನು ಪ್ರೀತಿಸು' ಎಂದಾಗ ಇಲ್ಲದ ಭಾವವನ್ನು ಹುಟ್ಟಿಸಿಕೊ ಎಂದು ಕೇಳಿಸುತ್ತದೆ, ಆಗದೆ ಸೋಲುತ್ತೇವೆ. ಲೂಕ 6:27-28 ಆ ಆಜ್ಞೆಯನ್ನು ಅಲ್ಲೇ ಬಿಡಿಸಿ ಹೇಳುತ್ತದೆ: ಒಳ್ಳೆಯದು ಮಾಡಿರಿ, ಆಶೀರ್ವದಿಸಿರಿ, ಪ್ರಾರ್ಥಿಸಿರಿ. ಮೂರೂ ಕೈಯಿಂದ ಬಾಯಿಂದ ಆಗುವ ಕೆಲಸ. ಧರ್ಮೋಪದೇಶಕಾಂಡ 10:18ರಲ್ಲಿ ದೇವರು ಪರದೇಶಿಯನ್ನು ಪ್ರೀತಿಸುತ್ತಾನೆ ಎಂದ ಬೆನ್ನಿಗೇ ಬರುವುದು ಅನ್ನ ಮತ್ತು ಬಟ್ಟೆ. ನಿಮ್ಮ ಎರಡನೆಯ ಪ್ರಶ್ನೆಗೆ ನೇರ ಉತ್ತರ ಇಲ್ಲಿದೆ. ಭಾವವನ್ನು ಆಜ್ಞಾಪಿಸಲಾಗದು, ಕೆಲಸವನ್ನು ಕಲಿಯಬಹುದು. ಭಾವ ಹಿಂದಿನಿಂದ ನಿಧಾನವಾಗಿ ಬರುತ್ತದೆ, ಕೆಲವರ ವಿಷಯದಲ್ಲಿ ಬಹಳ ನಿಧಾನವಾಗಿ.

1 ಕೊರಿಂಥ 13ನ್ನು ಮದುವೆಯಲ್ಲಿ ಓದಿ ಓದಿ ನಾವು ಸಕ್ಕರೆಯಾಗಿಸಿದ್ದೇವೆ. 4ರಿಂದ 7ನೆಯ ವಚನಗಳಲ್ಲಿ ಗ್ರೀಕಿನಲ್ಲಿ ಗುಣವಾಚಕಗಳಿಲ್ಲ, 15 ಕ್ರಿಯಾಪದಗಳಿವೆ. ಪ್ರೀತಿ ಹೇಗಿದೆ ಎಂದಲ್ಲ, ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬ ಪಟ್ಟಿ. ಅವುಗಳಲ್ಲಿ ಹಲವು ಆ ಸಭೆಗೆ ನೇರವಾಗಿ ಬಿದ್ದ ಪೆಟ್ಟು. 'ಉಬ್ಬಿಕೊಳ್ಳು' ಎಂಬ ಪದ ಹೊಸ ಒಡಂಬಡಿಕೆಯಲ್ಲಿ ಬರುವುದು ಏಳು ಸಲ, ಅದರಲ್ಲಿ ಆರು ಸಲ ಇದೊಂದೇ ಪತ್ರದಲ್ಲಿ. 8:1ರಲ್ಲಿ ಜ್ಞಾನ ಉಬ್ಬಿಸುತ್ತದೆ, ಪ್ರೀತಿ ಕಟ್ಟುತ್ತದೆ ಎನ್ನುತ್ತಾನೆ. 'ತನ್ನದನ್ನು ಹುಡುಕುವುದಿಲ್ಲ' ಎಂಬುದಕ್ಕೆ 10:24 ಮತ್ತು 10:33 ಜೋಡಿ. ಅಲ್ಲಿನ ವಿಷಯ ವಿಗ್ರಹಕ್ಕೆ ಅರ್ಪಿಸಿದ ಮಾಂಸ ತಿನ್ನುವ ಹಕ್ಕು. 'ಅಪಕಾರವನ್ನು ಲೆಕ್ಕ ಇಡುವುದಿಲ್ಲ' ಎಂಬಲ್ಲಿರುವುದು ಲೆಕ್ಕಪತ್ರದ ಪದ. 6ನೆಯ ಅಧ್ಯಾಯದಲ್ಲಿ ಅವರು ಒಬ್ಬರ ಮೇಲೊಬ್ಬರು ನ್ಯಾಯಾಲಯಕ್ಕೆ ಹೋಗಿದ್ದರು. 11:21ರಲ್ಲಿ ಕರ್ತನ ಭೋಜನಕ್ಕೆ ಕೂತಾಗ ಒಬ್ಬ ಹಸಿದಿದ್ದಾನೆ, ಇನ್ನೊಬ್ಬ ಕುಡಿದು ಮತ್ತನಾಗಿದ್ದಾನೆ. ಗುಂಪಿನಲ್ಲಿ ಒಂದು ಸಂಜೆ ಇದನ್ನೇ ಮಾಡಿ: ಒಂದೊಂದು ಕ್ರಿಯಾಪದ ಹಿಡಿದು, ಪತ್ರದಲ್ಲಿ ಅದಕ್ಕೆ ಕಾರಣವಾದ ಜಗಳ ಎಲ್ಲಿದೆ ಎಂದು ಹುಡುಕಿ. ಎಲ್ಲ ಹದಿನೈದಕ್ಕೂ ಸಿಗುವುದಿಲ್ಲ, ಅರ್ಧದಷ್ಟು ಸಿಕ್ಕರೂ ಆ ಅಧ್ಯಾಯವನ್ನು ಮತ್ತೆ ಮೊದಲಿನಂತೆ ಓದಲಾಗದು.

ಇನ್ನು ನಿಮ್ಮ 'ಥ್ಯಾಂಕ್ಸ್'. ಅದನ್ನು ಬಯಸುವುದು ವಿಚಿತ್ರವಲ್ಲ. ರೋಮನ್ ಲೋಕ ನಡೆಯುತ್ತಿದ್ದದ್ದೇ ಹಾಗೆ: ಕೊಟ್ಟವನಿಗೆ ಮಾನ, ಪಡೆದವನಿಗೆ ಋಣ. ಲೂಕ 14:12-14ರಲ್ಲಿ ಯೇಸು, ತಿರುಗಿ ಕರೆಯಬಲ್ಲವರನ್ನು ಊಟಕ್ಕೆ ಕರೆಯಬೇಡ, ಕರೆಯಲಾಗದವರನ್ನು ಕರೆ ಎಂದದ್ದು ಈ ಚಕ್ರಕ್ಕೆ ಕಡ್ಡಿ ಇಟ್ಟಂತೆ. ಮತ್ತಾಯ 6:2ರಲ್ಲಿ ಜನ ಹೊಗಳಲಿ ಎಂದು ಕೊಡುವವರು 'ತಮಗೆ ಬರತಕ್ಕ ಫಲವನ್ನು ಹೊಂದಿದ್ದಾಯಿತು' ಎನ್ನುವಾಗ ಬಳಸಿದ ಗ್ರೀಕ್ ಪದ, ಆ ಕಾಲದ ಪಪೈರಸ್ ರಸೀದಿಗಳಲ್ಲಿ 'ಪೂರ್ತಿ ಸಂದಾಯವಾಗಿದೆ' ಎಂಬ ಅರ್ಥದಲ್ಲಿ ಕಾಣುವ ಪದ. ಚಪ್ಪಾಳೆ ಸಿಕ್ಕಿತು, ರಸೀದಿ ಹರಿದಾಯಿತು, ಬಾಕಿ ಏನೂ ಇಲ್ಲ.

ಬಯಸಬಾರದು ಎಂದು ಹಲ್ಲು ಕಚ್ಚುವುದರಿಂದ ಬಯಕೆ ಹೋಗುವುದಿಲ್ಲ, ಇನ್ನೂ ಗಮನಕ್ಕೆ ಬರುತ್ತದೆ. ಏರ್ಪಾಡನ್ನು ಬದಲಿಸಬೇಕು. ಎಡಗೈಗೆ ತಿಳಿಯದಂತೆ ಬಲಗೈ ಕೊಡಲಿ ಎಂಬ ಮುಂದಿನ ವಚನವನ್ನು ಏರ್ಪಾಡಾಗಿ ಓದಿ: ಥ್ಯಾಂಕ್ಸ್ ಬರಲು ದಾರಿಯೇ ಇಲ್ಲದ ಜಾಗದಲ್ಲಿ ಒಂದು ಕೆಲಸ ಹಿಡಿಯಿರಿ. ಹಣವಾದರೆ ಮೂರನೆಯವರ ಮೂಲಕ, ಹೆಸರಿಲ್ಲದೆ. ಶ್ರಮವಾದರೆ ಎಲ್ಲರೂ ಹೋದ ಮೇಲೆ ಮಾಡುವಂಥದ್ದು. ಚಿಕ್ಕದಿರಲಿ, ವಾರಕ್ಕೆ ಒಂದು ಗಂಟೆ ಮೀರದಿರಲಿ, ಆರು ವಾರ ತಪ್ಪದೆ ನಡೆಯಲಿ. ದೊಡ್ಡದೊಂದನ್ನು ಒಮ್ಮೆ ಮಾಡಿ ಮುಗಿಸಿದರೆ ಅದು ಸಾಹಸವಾಗುತ್ತದೆ, ಹೇಳಿಕೊಳ್ಳಬೇಕೆನ್ನಿಸುತ್ತದೆ. ಪ್ರತಿ ಸಲ ಮುಗಿದ ಮೇಲೆ ಎರಡು ಸಾಲು ಬರೆದಿಡಿ: ಏನು ಮಾಡಿದೆ, ಒಳಗೆ ಏನನ್ನು ಕಾಯುತ್ತಿದ್ದೆ. ಮೂರನೆಯ ವಾರದ ಹೊತ್ತಿಗೆ ಬೇಸರ ಬರಬಹುದು. ಬಂದರೆ ಕೆಡುಕಲ್ಲ, ಹೊಗಳಿಕೆಯಿಂದ ನಡೆಯುತ್ತಿದ್ದ ಭಾಗ ಯಾವುದು ಎಂದು ಆಗಲೇ ತಿಳಿಯುವುದು.

ಇದರ ಜೊತೆಗೆ, ಸ್ವಭಾವತಃ ನಿಮಗೆ ಹಿಡಿಸದ ಒಬ್ಬರನ್ನು ಆರಿಸಿಕೊಳ್ಳಿ. ಕೊಡುವ ಮೊದಲು ಕೇಳಿ. ಯೆರಿಕೋವಿನ ಹತ್ತಿರ ಬಾರ್ತಿಮಾಯನೆಂಬ ಕುರುಡ ಕೂಗಿದಾಗ ಯೇಸು 'ನಾನು ನಿನಗೆ ಏನು ಮಾಡಬೇಕು' ಎಂದು ಕೇಳಿದ (ಮಾರ್ಕ 10:51). ಉತ್ತರ ಎಲ್ಲರ ಕಣ್ಣೆದುರೇ ಇತ್ತು, ಆದರೂ ಕೇಳಿದ. ಬಹಳಷ್ಟು ಸಹಾಯ ಕೆಡುವುದು ಈ ಒಂದು ಪ್ರಶ್ನೆ ಬಿಟ್ಟುಹೋಗುವುದರಿಂದ. ನಮಗೆ ಕೊಡಲು ಸುಲಭವಾದದ್ದನ್ನು ಕೊಟ್ಟು, ಬೇಕಾಗಿದ್ದುದು ಅದಲ್ಲ ಎಂದು ತಿಳಿದಾಗ ಅವರಿಗೆ ಕೃತಜ್ಞತೆ ಇಲ್ಲ ಎನ್ನುತ್ತೇವೆ.

ಬೇರೆ ಸಂಸ್ಕೃತಿಯವರ ನಡುವೆ ಇನ್ನೊಂದು ಎಡವು ಇದೆ. 'ನನಗೇನೂ ಬೇಡ' ಎಂಬುದೇ ನಿಸ್ವಾರ್ಥತೆ ಎಂದುಕೊಂಡು, ಅವರು ತಿರುಗಿ ಕೊಟ್ಟದ್ದನ್ನು ಬೇಡ ಎನ್ನುತ್ತೇವೆ. ಕೊಡುಕೊಳ್ಳುವಿಕೆಯೇ ಸಂಬಂಧವಾಗಿರುವ ಜನರಿಗೆ ಅದು ಮುಖಕ್ಕೆ ಬಾಗಿಲು ಹಾಕಿದಂತೆ. ನೀನು ಸದಾ ಪಡೆಯುವವನಾಗಿಯೇ ಇರು ಎಂದಂತೆ. ಪೌಲ ಇದರಲ್ಲಿ ಚತುರ. ಕೊರಿಂಥದವರಿಂದ ಹಣ ತೆಗೆದುಕೊಳ್ಳಲು ಒಪ್ಪಲಿಲ್ಲ (1 ಕೊರಿಂಥ 9; 2 ಕೊರಿಂಥ 11:7-9). ಫಿಲಿಪ್ಪಿಯವರಿಂದ ಒಂದಕ್ಕಿಂತ ಹೆಚ್ಚು ಸಲ ತೆಗೆದುಕೊಂಡ, ಫಿಲಿಪ್ಪಿ 4:18ರಲ್ಲಿ ಆ ರಸೀದಿಯ ಪದವನ್ನೇ ಬಳಸಿ ಎಲ್ಲ ತಲುಪಿದೆ ಎಂದು ಬರೆದ. ಅಪೊಸ್ತಲ ಒಬ್ಬನೇ, ಊರು ಎರಡು, ತೀರ್ಮಾನ ಎರಡು. ಎರಡೂ ಕಡೆ ಅವನು ನೋಡಿದ್ದು ತೆಗೆದುಕೊಂಡರೆ ಆ ಜನರಿಗೆ ಏನಾಗುತ್ತದೆ ಎಂದು, ತನ್ನ ಕೈ ಎಷ್ಟು ಶುದ್ಧವಾಗಿ ಕಾಣುತ್ತದೆ ಎಂದಲ್ಲ.

ಪ್ರೀತಿಗೆ ವ್ಯವಸ್ಥೆಯೂ ಬೇಕು ಎಂಬುದಕ್ಕೆ ಅಪೊಸ್ತಲರ ಕೃತ್ಯಗಳು 6 ಒಳ್ಳೆಯ ಪಾಠ. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಪಾಲು ತಪ್ಪುತ್ತಿತ್ತು, ಗುಣುಗುಟ್ಟುವಿಕೆ ಶುರುವಾಯಿತು. ಅಪೊಸ್ತಲರು ಪ್ರೀತಿಯ ಮೇಲೆ ಪ್ರಸಂಗ ಮಾಡಲಿಲ್ಲ. ಏಳು ಜನರನ್ನು ಆರಿಸಿರಿ ಎಂದರು. ಆಯ್ಕೆಯಾದವರ ಹೆಸರು ನೋಡಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರು. ದೂರಿದವರ ಭಾಷೆಯ ಹೆಸರುಗಳ ಕೈಗೇ ಎಲ್ಲರ ಹಂಚಿಕೆ ಹೋಯಿತು. ನಿಮ್ಮ ಗುಂಪಿನಲ್ಲಿ ಕಾರ್ಯಕ್ರಮ, ಹಣ, ಓದಬೇಕಾದ ಭಾಗದ ಆಯ್ಕೆ ಯಾರ ಕೈಯಲ್ಲಿದೆ ಎಂದು ಒಮ್ಮೆ ನೋಡಿಕೊಳ್ಳಿ.

ಆಯಾಸದ ಮಾತನ್ನು ನೀವು ಕೊನೆಯಲ್ಲಿ ಸೇರಿಸಿದ್ದೀರಿ, ನಾನು ಅದನ್ನು ಮೊದಲು ಓದಿದೆ. ನಿಸ್ವಾರ್ಥ ಎಂದರೆ ಮಿತಿಯಿಲ್ಲದ್ದು ಎಂದು ಸಮಾರ್ಯದವನು ತೋರಿಸುವುದಿಲ್ಲ. ಯೆರೂಸಲೇಮಿನಿಂದ ಯೆರಿಕೋಗೆ ಸುಮಾರು 27 ಕಿಲೋಮೀಟರ್, ಸುಮಾರು 1,000 ಮೀಟರ್ ಇಳಿಜಾರು. ಕಳ್ಳರ ಭಯದ ದಾರಿ. ಅಲ್ಲಿ ನಿಂತು ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ, ತನ್ನ ಸವಾರಿಯ ಮೇಲೆ ಕೂರಿಸಿಕೊಂಡು ಛತ್ರಕ್ಕೆ ಕರೆದೊಯ್ದ, ಅಂದು ಆರೈಕೆ ಮಾಡಿದ. ಮರುದಿನ ಎರಡು ದಿನಾರಿ, ಅಂದರೆ ಎರಡು ದಿನದ ಕೂಲಿ, ಕೊಟ್ಟ, ಹೆಚ್ಚಾದರೆ ಬರುವಾಗ ಕೊಡುತ್ತೇನೆ ಎಂದ. ಆಮೇಲೆ ತನ್ನ ದಾರಿ ಹಿಡಿದ. ಹತ್ತಿರದ ಕೆಲಸ ತಾನು ಮಾಡಿ, ಮುಂದಿನದನ್ನು ಇನ್ನೊಬ್ಬರಿಗೆ ಒಪ್ಪಿಸಿ, ಲೆಕ್ಕ ತೆರೆದಿಟ್ಟು ಹೋಗುವುದೂ ಅಲ್ಲಿನ ದಯೆಯ ಭಾಗ. ಪೌಲ ಸಹಾಯನಿಧಿ ಕೂಡಿಸುವಾಗಲೂ ಬೇರೆಯವರಿಗೆ ಸುಖವಾಗಲಿ ನಿಮಗೆ ಕಷ್ಟವಾಗಲಿ ಎಂದಲ್ಲ, ಸಮಾನವಾಗಲಿ ಎಂದು ಬರೆದ (2 ಕೊರಿಂಥ 8:13-14). ಬನ್ನಿ, ಸ್ವಲ್ಪ ದಣಿವಾರಿಸಿಕೊಳ್ಳಿ ಎಂದು ಯೇಸು ಶಿಷ್ಯರನ್ನು ಕರೆದದ್ದು ಮಾರ್ಕ 6:31ರಲ್ಲಿದೆ, ಆಗ ಅವರಿಗೆ ಊಟಕ್ಕೂ ಸಮಯವಿರಲಿಲ್ಲ.

ಒಂದು ಗಂಭೀರ ಎಚ್ಚರಿಕೆ. 'ಬಲಗೆನ್ನೆಗೆ ಹೊಡೆದರೆ ಮತ್ತೊಂದನ್ನೂ ತಿರುಗಿಸು' ಎಂಬ ಯೇಸುವಿನ ಮಾತನ್ನು ಹಿಂಸೆ ಅನುಭವಿಸುತ್ತಿರುವವರಿಗೆ ಓದಿ ಹೇಳುವುದು ಆ ವಚನದ ದುರುಪಯೋಗ. ಎದುರು ನಿಂತ ಬಲಗೈಯವನು ಬಲಗೆನ್ನೆಗೆ ಹೊಡೆಯಬೇಕಾದರೆ ಕೈಯ ಹಿಂಬದಿಯಿಂದ ಹೊಡೆಯಬೇಕು. ಅದು ಅವಮಾನದ ಏಟು. ಮಿಶ್ನಾದಲ್ಲಿ ಅಂಗೈ ಏಟಿಗೆ ದಂಡ 200 ಜೂಜ್ (ಆ ಕಾಲದ ಬೆಳ್ಳಿ ನಾಣ್ಯ), ಹಿಂಗೈ ಏಟಿಗೆ 400. ಮಾತು ಇರುವುದು ಅವಮಾನಕ್ಕೆ ಅವಮಾನದಿಂದ ತೀರಿಸಿಕೊಳ್ಳುವುದರ ಬಗ್ಗೆ. ಪ್ರಾಣಕ್ಕೋ ದೇಹಕ್ಕೋ ಅಪಾಯವಿರುವಲ್ಲಿ ಸಹಿಸಿಕೊಂಡು ಇರು ಎಂಬುದರ ಬಗ್ಗೆ ಅಲ್ಲ. ಮಹಾಯಾಜಕನ ಎದುರು ಏಟು ಬಿದ್ದಾಗ ಯೇಸು ಸುಮ್ಮನಿರಲಿಲ್ಲ, 'ಯಾಕೆ ಹೊಡೆಯುತ್ತೀ' ಎಂದು ಕೇಳಿದ (ಯೋಹಾನ 18:23). ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಹೊಡೆಸಿ ಸೆರೆಗೆ ಹಾಕಿದ ಅಧಿಕಾರಿಗಳು ಗುಟ್ಟಾಗಿ ಬಿಟ್ಟುಬಿಡಲು ನೋಡಿದಾಗ ಪೌಲ ತನ್ನ ರೋಮನ್ ಹಕ್ಕು ಹೇಳಿ, ಅವರೇ ಬಂದು ಹೊರಗೆ ಕರೆದುಕೊಂಡು ಹೋಗಲಿ ಎಂದ (ಅಪೊಸ್ತಲರ ಕೃತ್ಯಗಳು 16:37). ಗುಂಪಿನಲ್ಲಿ ಯಾರಾದರೂ ಮನೆಯಲ್ಲಿ ಪೆಟ್ಟು ತಿನ್ನುತ್ತಿದ್ದಾರೆಂದು ತಿಳಿದರೆ ಮೊದಲು ಮಾಡಬೇಕಾದದ್ದು ಅವರನ್ನು ಸುರಕ್ಷಿತ ಜಾಗ ಮುಟ್ಟಿಸುವುದು, ವ್ಯಾಖ್ಯಾನವಲ್ಲ.

ಮುಂದಿನ ವಾರಗಳಿಗೆ ಈ ಕ್ರಮ ಹಿಡಿದು ನೋಡಿ. ಮೊದಲ ವಾರ ಲೂಕ 15, ಪುಸ್ತಕ ಮುಚ್ಚಿ ಹೇಳುವ ಅಭ್ಯಾಸದೊಂದಿಗೆ. ಎರಡನೆಯದು ಲೂಕ 10, ಆದರೆ 9:51ರಿಂದ ಶುರುಮಾಡಿ. ಮೂರನೆಯದು ಅಪೊಸ್ತಲರ ಕೃತ್ಯಗಳು 8:26-40. ಇಥಿಯೋಪಿಯದವನಿಗೆ ಓದಲು ಬರುತ್ತಿತ್ತು, ಅರ್ಥವಾಗುತ್ತಿರಲಿಲ್ಲ, ರಥದಲ್ಲಿ ಪಕ್ಕದಲ್ಲಿ ಬಂದು ಕೂರು ಎಂದು ಫಿಲಿಪ್ಪನನ್ನು ಕರೆದವನು ಅವನೇ. ನಾಲ್ಕನೆಯದು ಗಲಾತ್ಯ 2:11-14: ಅಂತಿಯೋಕ್ಯದಲ್ಲಿ ಅನ್ಯಜನರ ಜೊತೆ ಊಟಕ್ಕೆ ಕೂರುತ್ತಿದ್ದ ಪೇತ್ರ, ಯಾರೋ ಬಂದರೆಂದು ಎದ್ದುಹೋದ ಪ್ರಸಂಗ. ನಾಲ್ಕು ವಚನಗಳಾದರೂ ಒಂದು ಸಂಜೆ ಸಾಲದು. ಐದನೆಯದು 1 ಕೊರಿಂಥ 13, ಮೇಲೆ ಹೇಳಿದಂತೆ ಜಗಳಗಳ ಸಮೇತ.

ಆರನೆಯದಕ್ಕೆ ಫಿಲೆಮೋನನಿಗೆ ಬರೆದ ಪತ್ರ, ಬರೀ 25 ವಚನ. ದಾಸನಾದ ಒನೇಸಿಮನನ್ನು ಯಜಮಾನನ ಬಳಿಗೆ ಕಳಿಸುತ್ತಾ, ಅವನ ಸಾಲವೇನಾದರೂ ಇದ್ದರೆ ನನ್ನ ಲೆಕ್ಕಕ್ಕೆ ಹಾಕು ಎಂದು ಪೌಲ ಬರೆಯುತ್ತಾನೆ (18). ಇದನ್ನು ಮೂರು ಸಲ ಓದಿ: ಒಮ್ಮೆ ಪೌಲನಾಗಿ, ಒಮ್ಮೆ ಫಿಲೆಮೋನನಾಗಿ, ಒಮ್ಮೆ ಪತ್ರದುದ್ದಕ್ಕೂ ಒಂದೇ ಒಂದು ಮಾತಾಡದ ಒನೇಸಿಮನಾಗಿ. ಮೂರನೆಯ ಓದನ್ನು ಗುಂಪಿನಲ್ಲಿ ಅತಿ ಕಡಿಮೆ ಮಾತಾಡುವವರಿಗೆ ಕೊಡಿ. ಫಿಲೆಮೋನ ಏನು ಮಾಡಿದ ಎಂಬುದು ಪತ್ರದಲ್ಲಿಲ್ಲ.